ಬರೀ ಹೋಳಿಗೆಯ ಊಟ

ನಮ್ಮ ಕೇರಿಯ ಸಾಕವ್ವ ವಿಶ್ವವಿದ್ಯಾಲಯದಲ್ಲಿ ಅಡುಗೆಯವಳು. ಅಲ್ಲಿಗೆ ಹೊಸ ಕುಲಪತಿ ಬಂದರು, ವಿರೂಪಾಕ್ಷಯ್ಯನೋರು. ತಲೆಗೆ ಹಚ್ಚಿದ ಬಣ್ಣ ಕಾಲರಿಗೂ ಇಳಿದಿರುತ್ತಿತ್ತು, ಅದು ಬಿಡಿ.

ಸಂಶೋಧನೆ ನೋಡೋಕೆ ಬೆಂಗಳೂರಿಂದ ದೊಡ್ಡವರು ಬರುತ್ತಾರೆ ಅಂದಾಗ ಇವರು ಅಪ್ಪಣೆ ಮಾಡಿದರು: "ಉಪಗ್ರಹದ ಕೆಲಸ ಒಂದನ್ನೇ ತೋರಿಸಿ. ನಮ್ಮಲ್ಲಿ ದೊಡ್ಡದು ಅದೊಂದೇ. ಮಿಕ್ಕ ಕೋಣೆಗಳಿಗೆ ಬೀಗ ಹಾಕಿ."

ಬಂದವರು ನೋಡದ ಕೆಲಸಕ್ಕೆ ಬರುವ ವರ್ಷ ದುಡ್ಡೂ ಬರುವುದಿಲ್ಲ, ಕೋಣೆಯೂ ಇರುವುದಿಲ್ಲ. ಇರುವೆಗಳ ಮೇಲೆ ಸಂಶೋಧನೆ ಮಾಡುವ ಮೇಡಂ ಸಾಕವ್ವನ ಒಲೆ ಮುಂದೆ ಕೂತು ಅತ್ತಳು.

"ಅಳಬೇಡ ತಾಯಿ. ಮಧ್ಯಾಹ್ನದ ಊಟ ನನ್ನ ಕೈಲಿದೆ" ಅಂದಳು ಸಾಕವ್ವ.

ಬಂದವರಿಗೂ ಅವರ ಪಕ್ಕ ಕೂತ ಕುಲಪತಿಗಳಿಗೂ ಎಲೆ ಹಾಕಿದಳು. ಉಪ್ಪಿಲ್ಲ, ಕೋಸಂಬರಿಯಿಲ್ಲ, ಬರೀ ಹೋಳಿಗೆ. ಅದು ಮುಗಿದರೆ ಮತ್ತೆ ಹೋಳಿಗೆ. ಕೊನೆಗೆ ಅವರಲ್ಲಿ ಹಿರಿಯರು ಎಲೆಗೆ ಕೈ ಅಡ್ಡ ಹಿಡಿದರು. "ಅನ್ನ, ಸಾರು ಮಾಡಿಲ್ಲವೇನಮ್ಮ?"

"ಎಲ್ಲಾ ಮಾಡಿದ್ದೀನಿ ಬುದ್ಧಿ. ದೊಡ್ಡದೊಂದನ್ನೇ ತೋರಿಸಿ, ಮಿಕ್ಕಿದ್ದಕ್ಕೆ ಬೀಗ ಹಾಕಿ ಅಂತ ಸಾಹೇಬರ ಅಪ್ಪಣೆ. ಇರುವೆ ಮೇಡಂ ಕೋಣೆಗೆ ಬೀಗ ಬಿತ್ತು, ಲಾಲಿ ಹಾಡು ಕಲೆಹಾಕುವ ಮೇಷ್ಟರ ಕೋಣೆಗೂ ಬಿತ್ತು. ನಾನು ಸಾರಿಗೆ ಹಾಕಿದೆ."

ಕುಲಪತಿಗಳ ಬಾಯಲ್ಲಿ ಹೋಳಿಗೆ ಹಾಗೇ ನಿಂತಿತು. ಹಿರಿಯರು ನಕ್ಕರು. "ಮೊದಲು ಸಾರಿನ ಬೀಗ ತೆಗಿಯಮ್ಮ. ಆಮೇಲೆ ಇವರು ಕೋಣೆಗಳದು ತೆಗೆಯಲಿ."

ಸಂಜೆವರೆಗೂ ನೋಡಿದರು. ಇರುವೆ ಸಾಲು, ಲಾಲಿ ಹಾಡು, ಕಲ್ಲಿನ ಮೇಲಿನ ಹಳೇ ಅಕ್ಷರ, ರಾಗಿಗೆ ಬರುವ ರೋಗ. ಒಂದೇ ಕಾಂಪೌಂಡಿನೊಳಗೆ ಇಷ್ಟೊಂದು ಬುದ್ಧಿ ಇದೆ ಅಂತ ನಮ್ಮೂರಿಗೇ ಗೊತ್ತಿರಲಿಲ್ಲ. ಒಬ್ಬರ ಕೋಣೆಯೂ ಹೋಗಲಿಲ್ಲ.

ಈಗ ಕುಲಪತಿಗಳು ಎಲೆ ಮುಂದೆ ಕೂತರೆ ಮೊದಲು ಉಪ್ಪು ಬಿತ್ತಾ ಅಂತ ನೋಡುತ್ತಾರಂತೆ. ನೋಡದೆ ಏನು ಮಾಡಿಯಾರು, ಬಡಿಸುವವಳು ನಮ್ಮ ಕೇರಿಯವಳು.