ಎರಡು ಹೋಳಾದ ಕಾದಂಬರಿ

ಪುಸ್ತಕ ಹರಿಯಬಾರದು ಮಕ್ಕಳೇ, ಅದು ತಪ್ಪು. ಆದರೂ ಗದಗಿನ ಇಬ್ಬರು ಗೆಳತಿಯರು ಹರಿದರು, ಏನು ಮಾಡೋಣ!

ಗಂಗೋತ್ರಿ, ತಬಸ್ಸುಮ್ ಇಬ್ಬರೂ ಪಿಯುಸಿ ಓದುವ ಹುಡುಗಿಯರು. ಅಕ್ಕಪಕ್ಕದ ಮನೆ. ಒಂದೇ ಬಸ್ಸು, ಒಂದೇ ಬೆಂಚು, ಡಬ್ಬಿಯ ಊಟವೂ ಹಂಚಿಕೊಂಡೇ. ರೆಕ್ಕೆಯ ರಾಜಕುಮಾರ ಮಾಯಾಕಾಡಿನ ಹುಡುಗಿಯನ್ನು ಪ್ರೀತಿಸುವ ದಪ್ಪ ಕಾದಂಬರಿಯೊಂದು ಬರುತ್ತದೆಂದು ಇಬ್ಬರೂ ವರ್ಷವೆಲ್ಲ ಕಾದಿದ್ದರು. ಬಂದ ದಿನವೇ ಕೂಡಿ ಒಂದು ಪ್ರತಿ ತಂದರು. ಮೊದಲು ಯಾರು ಓದುವುದು? ಇಬ್ಬರಿಗೂ ತಡೆಯಲಾಗದು. ಕೊನೆಗೆ ಬ್ಲೇಡು ತಂದು ಪುಸ್ತಕವನ್ನು ನಡುವೆ ಕೊಯ್ದೇಬಿಟ್ಟರು! ಮೊದಲರ್ಧ ಗಂಗೋತ್ರಿಗೆ, ಉಳಿದರ್ಧ ತಬಸ್ಸುಮ್‌ಗೆ. ಇಬ್ಬರದೂ ಓದಿ ಮುಗಿಯುವ ತನಕ ಕಥೆಯ ಬಗ್ಗೆ ಯಾರೂ ಬಾಯಿ ಬಿಡಬಾರದೆಂದು ಆಣೆಯೂ ಆಯಿತು. ಎಂಥ ಜಾಣೆಯರು ನೋಡಿ!

ಗಂಗೋತ್ರಿಯ ಅರ್ಧದಲ್ಲಿ ರಾಜಕುಮಾರ ಹುಡುಗಿಯನ್ನು ನೋಡಿದ. ಮತ್ತೆ ನೋಡಿದ. ಇನ್ನೊಂದು ಅಧ್ಯಾಯ ಪೂರ್ತಿ ನೋಡಿದ. 'ಯುದ್ಧ, ಮಾಯಾ, ಮಂತ್ರ ಎಲ್ಲಾ ಆಕಿ ಪಾಲಿಗೇ ಹೋಗೇತಿ' ಎಂದು ಅವಳು ಹಲ್ಲು ಕಡಿದಳು. ತಬಸ್ಸುಮ್‌ಳ ಅರ್ಧದಲ್ಲಿ ರಾಜಕುಮಾರನೂ ಆ ಹುಡುಗಿಯೂ ಬರೀ ಅಳುತ್ತಿದ್ದರು. 'ಮಜಾ ಎಲ್ಲಾ ಆಕಿ ಹೊಡಕೊಂಡ್ಲು, ನನಗ ಕಣ್ಣೀರು ಬಿಟ್ಲು' ಎಂದು ಇವಳು ಮುಖ ಊದಿಸಿಕೊಂಡಳು.

ಮಾರನೇ ದಿನ ಬಸ್ಸಿನಲ್ಲಿ ಬೇರೆ ಬೇರೆ ಸೀಟು. ಊಟವೂ ಬೇರೆ ಬೇರೆ. ಗಂಗೋತ್ರಿ ಅರ್ಧ ರೊಟ್ಟಿಗೇ ಡಬ್ಬಿ ಮುಚ್ಚಿಟ್ಟಳು. ಒಂದನೇ ತರಗತಿಯಿಂದ ಅವಳು ತಬಸ್ಸುಮ್ ಇಲ್ಲದೆ ಉಂಡವಳೇ ಅಲ್ಲ. ಅಳು ಬರುವಂತಾಯಿತು. ಸಂಕಟಕ್ಕೋ ಸಿಟ್ಟಿಗೋ, ಸಂಜೆ ನೇರ ಗೆಳತಿಯ ಮನೆ ಮುಂದೆ ಹೋಗಿ ನಿಂತಳು.

"ಛಲೋ ಭಾಗ ನೀನ ಇಟ್ಕೊಂಡು ನನ್ನ ಕೂಡ ಮಾತು ಬ್ಯಾರೆ ಬಿಟ್ಟಿ! ಕೊಡಿಲ್ಲಿ ನಿಂದು."

"ನಂದು ಛಲೋನಾ? ತಗೋ ನಮ್ಮವ್ವಾ, ತಗೋ! ಮೊದಲ ನಿಂದು ಕೊಡು" ಎಂದಳು ತಬಸ್ಸುಮ್.

ಇಬ್ಬರೂ ಕಟ್ಟೆಯ ಮೇಲೆ ಬೆನ್ನಿಗೆ ಬೆನ್ನು ಹಾಕಿ ಕೂತು ಓದತೊಡಗಿದರು. ಸ್ವಲ್ಪ ಹೊತ್ತಿಗೆ ತಬಸ್ಸುಮ್ ಆಕಳಿಸಿದಳು. ಅದನ್ನು ಕೇಳಿ ಗಂಗೋತ್ರಿಯೂ ಬಾಯಿ ತೆರೆದಳು.

"ಏ ತಬ್ಬು, ಇದರಾಗೂ ಏನೂ ಇಲ್ಲಲ್ಲಲೇ!"

"ಇದರಾಗೇನರ ಐತಂತ ಮಾಡೀಯೇನು? ಈ ಪುಣ್ಯಾತ್ಮ ಇನ್ನೂ ನೋಡಾಕತ್ಯಾನ!"

ನಕ್ಕರು ನೋಡಿ! ಹೊಟ್ಟೆ ಹಿಡಿದುಕೊಂಡು, ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಒಬ್ಬಳು ನೋಡುವ ರಾಜಕುಮಾರನಾದಳು, ಇನ್ನೊಬ್ಬಳು ಅಳುವ ಹುಡುಗಿಯಾದಳು. ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಕ್ಕರು. ಇಷ್ಟು ಸಪ್ಪೆ ಪುಸ್ತಕ ಇಷ್ಟೊಂದು ಸುಖ ಕೊಟ್ಟದ್ದನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ನೀತಿ: ಒಳ್ಳೆಯದೆಲ್ಲ ಪಕ್ಕದವರ ಪಾಲಿಗೇ ಬಿತ್ತೆಂದು ಒಳಗೊಳಗೇ ಕುದಿಯಬೇಡಿ, ಹೋಗಿ ಕೇಳಿ. ಅವರೂ ನಿಮ್ಮ ಪಾಲನ್ನು ನೆನೆದು ಕುದಿಯುತ್ತಿರಬಹುದು.