ನೊರೆಯ ಗೆರೆಯ ಗುರುತು

ತನ್ನ ಬಳಿ ತೆಂಗಿನಕಾಯಿ ಗಾತ್ರದ ಮುತ್ತಿತ್ತೆಂದೂ ಅದನ್ನು ಕಂಡವರೆಲ್ಲ ಈಗ ಸತ್ತುಹೋಗಿದ್ದಾರೆಂದೂ ಮುದಿ ಏಡಿ ಮರಳು ಬಗೆಯುತ್ತಲೇ ಹೇಳಿತು.

"ಕಡಲಿಗೆ ಮೀಯಲು ಬರುವಾಗ ಅದನ್ನು ಬಿಲದಲ್ಲೇ ಬಿಟ್ಟು ಬರಬಾರದಿತ್ತೇ, ಏಡಿಯಣ್ಣ?" ಎಂದಿತು, ಬೆನ್ನಿನ ಚಿಪ್ಪೊಂದನ್ನೇ ಹೊತ್ತು ಬಂದ ಆಮೆ.

"ನಾಲ್ಕು ಜನ ನೋಡಲಿ ಅಂತ ತಂದೆ, ಆಮಕ್ಕ. ನೀರಿಗಿಳಿಯುವಾಗ ಇಲ್ಲೇ ಹೂತು, ಅಲೆ ಬಿಟ್ಟುಹೋದ ನೊರೆಯ ಗೆರೆಯನ್ನೇ ಗುರುತು ಇಟ್ಟುಕೊಂಡೆ. ಮಿಂದು ಬರುವಷ್ಟರಲ್ಲಿ ಗೆರೆ ಬೇರೆ ಕಡೆ ಇತ್ತು."

ಏಡಿಯ ದನಿ ಕುಗ್ಗಿತು. ಅದು ಅವ್ವ ಕೊಟ್ಟ ಮುತ್ತು. ಅಂಥದ್ದು ಇನ್ನೊಂದು ಸಿಗುವುದಿಲ್ಲ. ಮತ್ತೊಂದು ಗುಂಡಿ ತೋಡಿ, ಒಳಗೆ ಇಣುಕಿ, ಮುಚ್ಚಿತು.

ಆಮೆ ಕೇಳಿತು: "ತೆಂಗಿನಕಾಯಿಯಷ್ಟು ದೊಡ್ಡದನ್ನು ಹುಡುಕಲು ಹುಣಸೆಬೀಜ ಹಿಡಿಸುವ ಗುಂಡಿ ಯಾಕಣ್ಣ?"

ಏಡಿ ಮುಂಗಾಲೆರಡನ್ನೂ ಎತ್ತಿ ಇಳಿಸಿತು. "ಕಳೆದುಹೋದ ಮೇಲೆ ಬೆಳೀತು, ಅಕ್ಕ," ಎಂದು ಮತ್ತೆ ಬಗೆಯತೊಡಗಿತು.