ಏಳನೇ ದಾರ

ಹೂಂಗುಟ್ಟೋರು ಹತ್ತಿರ ಬನ್ನಿ, ತೂಕಡಿಸೋರು ಗೋಡೆಗೆ ಒರಗಿಕೊಳ್ಳಿ. ಕತೆ ಶುರು ಮಾಡ್ತೀನಿ.

ನಡುಬೆಟ್ಟಳ್ಳಿ ಅಂತ ಒಂದು ಊರು. ಸುತ್ತ ಏಳು ಬೆಟ್ಟ, ನಡುವೆ ಊರು, ಊರ ನಡುವೆ ಕದರಮ್ಮನ ಮನೆ. ಕದರಮ್ಮನಿಗೆ ಒಬ್ಬನೇ ಮಗ, ಮುದ್ದರಂಗ. ಕಾಲು ನೋಡಿದ್ರೆ ಕಲ್ಲುಕಂಬ, ತಲೆಯೊಳಗೆ ಮಾತ್ರ ಗಾಳಿ ಬೆಳಕು ಧಾರಾಳ! ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅದೇ ಕಷ್ಟ ನೋಡಿ.

ಆ ಊರಲ್ಲೊಂದು ಪದ್ಧತಿ. ಸುಗ್ಗಿ ಮುಗಿದ ಮೇಲೆ ಒಂದು ದಿನ, ಮದುವೆ ವಯಸ್ಸಿಗೆ ಬಂದ ಗಂಡು ಏಳು ಬೆಟ್ಟಾನೂ ಹತ್ತಿ ಇಳೀಬೇಕು. ಒಂದೊಂದು ಬೆಟ್ಟದ ತುದೀಲೂ ಒಬ್ಬೊಬ್ಬ ಅಜ್ಜ ಅರಿಶಿನದ ದಾರ ಹಿಡ್ಕೊಂಡು ಕೂತಿರ್ತಾನೆ, ಹತ್ತಿದವನ ಮುಂಗೈಗೆ ಕಟ್ತಾನೆ. ಹೊತ್ತು ಮುಳುಗೋ ಮುಂಚೆ ಏಳು ದಾರ ಆದ್ರೆ ಅವನು ಗಂಡಸು, ಹೆಣ್ಣು ಕೊಡ್ತಾರೆ. ಆರೇ ಆದ್ರೆ? ಮುಂದಿನ ವರ್ಷ ಬಾ ಅಂತಾರೆ.

ಆಚೆ ಬೀದಿ ಜುಂಜಣ್ಣನ ಮಗಳು ಈರಕ್ಕನಿಗೆ ಮುದ್ದರಂಗನ ಮೇಲೆ ಮನಸ್ಸು. ಯಾಕೆ ಅಂತ ನನ್ನ ಕೇಳಬೇಡಿ, ಅವಳನ್ನೇ ಕೇಳಿ! ಆದ್ರೆ ಜುಂಜಣ್ಣ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದ: "ಈ ವರ್ಷ ಏಳು ದಾರ ಆದ್ರೆ ಸರಿ ಕದರವ್ವ. ಇಲ್ದಿದ್ರೆ ನನ್ನ ಮಗಳು ಬೇರೆ ಊರಿಗೆ!" ಅವತ್ತಿಂದ ಕದರಮ್ಮನಿಗೆ ಅನ್ನ ಸೇರಲಿಲ್ಲ. ತಾನು ಕಣ್ಣು ಮುಚ್ಚಿದ ಮೇಲೆ ಈ ಪೆದ್ದನ್ನ ನಗುನಗ್ತಾ ಸಂಭಾಳಿಸೋಳು ಈರಕ್ಕ ಒಬ್ಬಳೇ ಅಂತ ಅವಳಿಗೆ ಗೊತ್ತಿತ್ತು.

"ಏಳೋ ರಂಗಾ! ದಿನಾ ಒಂದೊಂದು ಬೆಟ್ಟ ಹತ್ತಿ ಕಾಲು ಪಳಗಿಸ್ಕೊ!"

"ಆಗಲಿ ಕಣವ್ವ!"

ಮೊದಲನೇ ಬೆಟ್ಟ ಹತ್ತಿದ. ಮಟಮಟ ಮಧ್ಯಾಹ್ನ, ಬರಿಗಾಲು, ಬಂಡೆ ಕಾದ ಹಂಚು. ಕುಂಟ್ಕೊಂಡು ಮನೇಗೆ ಬಂದ.

"ಅವ್ವಾ, ಅಂಗಾಲು ಸುಟ್ಟೋಯ್ತು!"

"ಅಯ್ಯೋ ಪೆದ್ದೇ! ಸೋರೆ ಬುರುಡೇಲಿ ನೀರು ತಗೊಂಡು ಹೋಗಬಾರ್ದಾ? ಸುಡೋದು ಕಂಡ ಕಡೆ ನೀರು ಸುರೀಬೇಕು!"

"ಆಗಲಿ ಕಣವ್ವ, ನಾಳೆ ಹಂಗೇ ಮಾಡ್ತೀನಿ!"

ಮಾರನೇ ದಿನ ಎರಡನೇ ಬೆಟ್ಟ. ಅರ್ಧ ದಾರೀಲಿ ಕುರಿ ಕಾಯೋನೊಬ್ಬ ಮೂರು ಕಲ್ಲಿಟ್ಟು, ಬೆಂಕಿ ಹಾಕಿ, ಮುದ್ದೆಗೆ ಎಸರಿಟ್ಟಿದ್ದ. ಬೆಂಕಿ ಸುಡ್ತಿದೆಯಲ್ಲ! ಮುದ್ದರಂಗ ಬುರುಡೆ ಬಗ್ಗಿಸಿ ಸುರಿದೇಬಿಟ್ಟ. ಚುಸ್! ಕುರಿಯವನು ಕೋಲು ತಗೊಂಡು ಬೆನ್ನಿಗೆ ನಾಲ್ಕು ಬಿಟ್ಟ.

"ಅಯ್ಯೋ ನನ್ನ ಹಣೆಬರಹವೇ!" ಅಂತ ಕದರಮ್ಮ ಬೆನ್ನಿಗೆ ಎಣ್ಣೆ ತಿಕ್ಕಿದಳು. "ಅವನ ಪಕ್ಕ ಕುಕ್ಕರಗಾಲಲ್ಲಿ ಕೂತು ಉಫ್ ಉಫ್ ಅಂತ ಊದಿಕೊಡಬೇಕಿತ್ತು ಕಣೋ! ಅವನೇ ಕರೆದು ಒಂದು ಮುದ್ದೆ ಕೊಡ್ತಿದ್ದ!"

"ಆಗಲಿ ಕಣವ್ವ, ನಾಳೆ ಹಂಗೇ ಮಾಡ್ತೀನಿ!"

ಮಾರನೇ ದಿನ ಮೂರನೇ ಬೆಟ್ಟ. ಅಲ್ಲಿ ಜೇನು ಕೀಳೋರಿಬ್ಬರು ಹಸಿ ಸೊಪ್ಪಿನ ಪಂಜು ಹಿಡಿದು ಹೆಜ್ಜೇನಿಗೆ ಹೊಗೆ ಹಾಕ್ತಿದ್ರು. ಮುದ್ದರಂಗ ಸದ್ದಿಲ್ಲದೆ ಹೋದ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ, ಕೆನ್ನೆ ಉಬ್ಬಿಸಿದ. ಉಫ್! ಉಫ್! ಪಂಜು ಧಗ್ ಅಂತ ಹತ್ತಿಕೊಳ್ತು, ಹೊಗೆ ಮಾಯ! ಜೇನು ಗುಂಯ್ ಅಂತ ಎದ್ದು ಬಂತು. ಮೂವರೂ ಕಿರುಚ್ಕೊಂಡು ಬೆಟ್ಟದ ಬುಡದ ಕೆರೇಗೆ ಓಡಿ ಬಿದ್ರು. ಮುದ್ದರಂಗ ಮನೇಗೆ ಬಂದಾಗ ಮುಖ ಹಲಸಿನ ಹಣ್ಣಾಗಿತ್ತು, ಯಾರ ಮಗ ಅಂತ ಕದರಮ್ಮನಿಗೇ ಒಂದು ಗಳಿಗೆ ಗೊತ್ತಾಗಲಿಲ್ಲ.

"ನೀನೇನೋ ರಂಗಾ? ಥೂ, ಗುಂಯ್ ಅನ್ನೋದು ಕೇಳಿಸಿದ್ರೆ ಕಂಬಳಿ ಮುಸುಕು ಹಾಕ್ಕೊಂಡು ಮಲಗಿಬಿಡಬೇಕು! ಮಿಸುಕಬಾರ್ದು! ಸದ್ದು ಹೋಗೋವರೆಗೂ ಏಳಬಾರ್ದು!"

"ಆಗಲಿ ಕಣವ್ವ, ನಾಳೆ ಹಂಗೇ ಮಾಡ್ತೀನಿ!"

ಮಾರನೇ ದಿನ ನಾಲ್ಕನೇ ಬೆಟ್ಟದ ಬುಡಕ್ಕೆ ಜುಂಜಣ್ಣನೇ ಬಂದಿದ್ದ, ಅಳಿಯ ಆಗೋನ ಕಾಲು ಎಷ್ಟು ಗಟ್ಟಿ ನೋಡೋಣ ಅಂತ. ಜೊತೇಲಿ ಹತ್ತು ಜನ ನೆಂಟರು, ಈರಕ್ಕ. ಎಲ್ಲರೂ ಒಟ್ಟಿಗೆ ಮಾತಾಡ್ತಾ ಬರ್ತಿದ್ರು, ಗುಜುಗುಜು ಗುಜುಗುಜು. ಮುದ್ದರಂಗ ಕೇಳಿಸ್ಕೊಂಡ. ಕಂಬಳಿ ಹೊದ್ದ, ದಾರಿ ಮಧ್ಯೆ ಉದ್ದಕ್ಕೆ ಮಲಗಿದ!

"ಏನಾಯ್ತೋ ಹುಡುಗನಿಗೆ?"

"ಮಿಸುಕೋದೇ ಇಲ್ವಲ್ಲ!"

"ಹೋಗೇಬಿಟ್ನಾ?"

ಗುಜುಗುಜು ಇನ್ನೂ ಜಾಸ್ತಿ ಆಯ್ತು. ಅವನು ಇನ್ನೂ ಬಿಗಿಯಾಗಿ ಮಲಗಿದ. ಒಬ್ಬಳು ಅಳೋಕೂ ಶುರು ಮಾಡಿದಳು. ಕೊನೆಗೆ ಈರಕ್ಕ ಕಂಬಳಿ ತುದಿ ಎತ್ತಿ ಇಣುಕಿದಳು. ಒಳಗಿಂದ, "ಶ್! ನೀನೂ ಬಾ, ಕಚ್ತವೆ!" ಅಂದ. ಈರಕ್ಕ ಹೊಟ್ಟೆ ಹಿಡ್ಕೊಂಡು ನಕ್ಕಳು. ಜುಂಜಣ್ಣ ನಗಲಿಲ್ಲ.

ಸುದ್ದಿ ಕೇಳಿ ಕದರಮ್ಮನಿಗೆ ತಡೆಯಲಾಗಲಿಲ್ಲ. "ಇನ್ನು ಮೇಲೆ ನಿನ್ನ ಬುದ್ಧಿಗೆ ಒಂದು ಕೆಲಸಾನೂ ಮಾಡಬೇಡ! ಏನು ಮಾಡೋದಿದ್ರೂ ಮೊದಲು ಮನೇಗೆ ಬಾ, ನನ್ನ ಕೇಳು, ಆಮೇಲೆ ಮಾಡು! ತಿಳೀತಾ?"

"ಆಗಲಿ ಕಣವ್ವ!"

ಅಯ್ಯೋ, ಈ ಮಾತು ಯಾಕಾದ್ರೂ ಆಡಿದೆನೋ ಅಂತ ಆಕೆ ಎಷ್ಟು ಸಲ ಬಾಯಿ ಬಾಯಿ ಬಡ್ಕೊಂಡಳೋ!

ಆ ದಿನ ಬಂತು. ಕೋಳಿ ಕೂಗೋ ಹೊತ್ತಿಗೇ ಮುದ್ದರಂಗ ಹೊರಟ. ಬಿಸಿಲೇರೋ ಮುಂಚೆ ಮೊದಲನೇ ಬೆಟ್ಟದ ಮೇಲೆ! ಅಜ್ಜ ದಾರ ಹಿಡಿದು, "ಚಾಚಪ್ಪ ಕೈ" ಅಂದ.

"ತಡಿ ಅಜ್ಜ, ಅವ್ವನ್ನ ಕೇಳ್ಕೊಂಡು ಬರ್ತೀನಿ!"

ದಡದಡ ಇಳಿದ. ಹೊಸ್ತಿಲಲ್ಲಿ ನಿಂತು, "ಅವ್ವಾ, ದಾರ ಕಟ್ಟಿಸ್ಕೊಳ್ಳಲಾ?"

"ಕಟ್ಟಿಸ್ಕೊಳ್ಳೋ ಮುಠ್ಠಾಳ! ಅದಕ್ಕೂ ಕೇಳೋಕೆ…"

ಅಷ್ಟು ಹೇಳೋದರೊಳಗೆ ಅವನಿಲ್ಲ! ಮತ್ತೆ ಹತ್ತಿದ, ದಾರ ಕಟ್ಟಿಸ್ಕೊಂಡ, ಎರಡನೇ ಬೆಟ್ಟ ಹತ್ತಿದ. "ತಡಿ ಅಜ್ಜ!" ಮತ್ತೆ ಮನೆ. "ಅವ್ವಾ, ಇಲ್ಲಿ ಕಟ್ಟಿಸ್ಕೊಳ್ಳಲಾ?" "ಹೂಂ ಕಣೋ, ಏಳೂ ಬೆಟ್ಟದಲ್ಲೂ…" ಅವಳು 'ಹೂಂ' ಅಂದದ್ದಷ್ಟೇ ಅವನಿಗೆ ಬೇಕಾದ್ದು. ಓಡಿದ. ಮೂರು, ನಾಲ್ಕು, ಐದು, ಆರು. ಒಂದೊಂದು ಬೆಟ್ಟ ಎರಡೆರಡು ಸಲ! ಊರಿನ ನಾಯಿಗಳು ಅವನ ಜೊತೆ ಓಡಿ ಓಡಿ ಸುಸ್ತಾಗಿ ಬಿದ್ವು, ಅವನು ಬೀಳಲಿಲ್ಲ.

ಆರನೇ ಸಲ ಬಂದು ಹೋದಾಗ ಕದರಮ್ಮ ಆಕಾಶ ನೋಡಿದಳು. ಹೊತ್ತು ಇಳಿದಿತ್ತು. ಏಳನೇ ಬೆಟ್ಟದಿಂದ ಮನೇಗೆ ಬಂದು ಮತ್ತೆ ಹತ್ತೋಕೆ ಟೈಮೇ ಇಲ್ಲ. ಓಟ ನೋಡೋಕೆ ಬಂದು ಜಗಲೀಲಿ ನಿಂತಿದ್ದ ಈರಕ್ಕನ್ನ ಕರೆದಳು. "ಈರಕ್ಕಾ, ಕೈ ಹಿಡಿ! ನಾನೇ ಮೇಲೆ ಹೋಗಿ ನಿಂತಿರ್ತೀನಿ. ಅಲ್ಲೇ ಕೇಳಲಿ, ಅಲ್ಲೇ ಹೂಂ ಅಂತೀನಿ!" ಸೆರಗು ಬಿಗಿದು, ಕೂತು, ಎದ್ದು, ತೆವಳಿ, ಅಂತೂ ತುದಿ ಸೇರಿದಳು. ಜುಂಜಣ್ಣನೂ ಹಿಂದೇನೇ ಬಂದ.

ಸೂರ್ಯ ಇನ್ನೂ ಒಂದು ಮೊಳ ಇದ್ದ. ಮುದ್ದರಂಗ ಬಂದೇ ಬಂದ! ಅಜ್ಜ ದಾರ ಹಿಡಿದ. ಕದರಮ್ಮ ಅಡ್ಡ ಬಂದು, "ರಂಗಾ, ನೋಡು, ನಾನು ಇಲ್ಲೇ ಇದ್ದೀನಿ! ಹೂಂ! ಕಟ್ಟಿಸ್ಕೊ!" ಅಂತ ಕೂಗಿದಳು.

ಮುದ್ದರಂಗನ ಮುಖ ಅರಳಿತು. "ಒಳ್ಳೇದಾಯ್ತು ಕಣವ್ವ, ನೀನು ಇಲ್ಲೇ ಕೂತು ಸುಧಾರಿಸ್ಕೊ! ನಾನು ಮನೇಗೆ ಹೋಗಿ ನಿನ್ನ ಕೇಳ್ಕೊಂಡು ಬಂದುಬಿಡ್ತೀನಿ!"

ಓಡಿದ! "ಏ! ಏ ರಂಗಾ!" ಅಂತ ಬೆಟ್ಟವೆಲ್ಲ ಕೂಗಿತು. ಅವನು ಆಗಲೇ ಕೆಳಗೆ.

ಹೊತ್ತು ಮುಳುಗಿತು. ಇವರೆಲ್ಲ ಇಳಿದು ಬಂದಾಗ ಅವನು ಬೀಗ ಹಾಕಿದ ಬಾಗಿಲ ಮುಂದೆ ಕೂತಿದ್ದ. "ಎಲ್ಲಿ ಹೋಗಿದ್ದೆ ಅವ್ವಾ? ಕೇಳೋಣ ಅಂದ್ರೆ ನೀನೇ ಇಲ್ಲ!"

ಕದರಮ್ಮ ಜಗಲಿ ಮೇಲೆ ಕುಸಿದು ಅತ್ತುಬಿಟ್ಟಳು.

"ದಾರ ಆರೇ," ಅಂದ ಜುಂಜಣ್ಣ.

"ಬೆಟ್ಟ ಹದಿಮೂರು ಸಲ ಹತ್ತಿದ್ದಾನಪ್ಪ," ಅಂದಳು ಈರಕ್ಕ. ಏಳನೇ ಬೆಟ್ಟದ ಅಜ್ಜ ಮೆಲ್ಲಗೆ ಕೆಮ್ಮಿದ. "ಜುಂಜಾ, ನಿನಗೆ ನಾನು ಏಳನೇ ದಾರ ಕಟ್ಟಿದಾಗ ಚುಕ್ಕಿ ಮೂಡಿತ್ತಲ್ವೇನೋ?"

ಜುಂಜಣ್ಣ ತಲೆವಸ್ತ್ರ ಬಿಚ್ಚಿ ಮತ್ತೆ ಸುತ್ತಿಕೊಂಡ. "ಸರಿ, ಹೆಣ್ಣು ಕೊಟ್ಟೆ. ಆದ್ರೆ ಏಳನೇ ದಾರ ಆಗೋವರೆಗೂ ನನ್ನ ಲೆಕ್ಕದಲ್ಲಿ ಇವನು ಪೂರಾ ಗಂಡಸಲ್ಲ!"

ಕದರಮ್ಮ ಕಣ್ಣೊರೆಸಿಕೊಂಡು ಮಗನ ಕಿವಿ ಹಿಡಿದಳು. "ಕೇಳೋ! ಇನ್ಮೇಲೆ ನಿನ್ನ ಮುಂದೆ ಯಾರೇ ದಾರ ಹಿಡ್ಕೊಂಡು ಬರಲಿ, ಕೇಳಬೇಡ, ಓಡಬೇಡ! ತಕ್ಷಣ ಕೈ ಚಾಚಿ ಕಟ್ಟಿಸ್ಕೊ!"

"ಆಗಲಿ ಕಣವ್ವ!"

ಮದುವೆ ದಿನ. ಚಪ್ಪರ ತುಂಬ ಜನ, ಮುಹೂರ್ತ ಬಂತು, ಗಟ್ಟಿಮೇಳ ಅಂದ್ರು. ಅಯ್ಯನೋರು ಅರಿಶಿನದ ದಾರಕ್ಕೆ ತಾಳಿ ಪೋಣಿಸಿ ಮುದ್ದರಂಗನ ಮುಂದೆ ಹಿಡಿದ್ರು. "ಕಟ್ಟಪ್ಪ!"

ಮುದ್ದರಂಗ ತಟ್ಟನೆ ಕೈ ಚಾಚಿದ. "ಕಟ್ರಿ!"

ಓಲಗದವನ ಉಸಿರೇ ನಿಂತಿತು. ಕದರಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಈರಕ್ಕ ಮಾತ್ರ ಅಯ್ಯನೋರ ಕೈಯಿಂದ ತಾಳಿ ಇಸ್ಕೊಂಡಳು, ಗಂಡನ ಮುಂಗೈಗೆ ಸುತ್ತಿದಳು, ಮೂರು ಗಂಟು ಹಾಕಿದಳು.

"ಎಣಿಸ್ಕೊಳ್ಳಪ್ಪ," ಅಂದಳು ಜುಂಜಣ್ಣನಿಗೆ. "ಏಳಾಯ್ತು!"